162 ಪಂದ್ಯಗಳ ಉದ್ರಿ ಲೆಕ್ಕ

ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೋಗಿ ನೆಲೆಸಿದ ನಮ್ಮ ಜನ ಬೇಸ್‌ಬಾಲ್ ನೋಡಲು ಕೂತರೆ ಮೊದಲ ವರ್ಷ ಹೆಚ್ಚುಕಡಿಮೆ ಒಂದೇ ತಪ್ಪು ಮಾಡುತ್ತಾರೆ. ಕ್ರಿಕೆಟ್ ನೋಡಿದ ಹಾಗೆ ನೋಡುತ್ತಾರೆ. ಏಪ್ರಿಲ್‌ನಲ್ಲಿ ಆ ಊರಿನ ತಂಡ ಜೈಂಟ್ಸ್ ನಾಲ್ಕು ಪಂದ್ಯ ಸೋತರೆ ಮುಖ ಬಾಡುತ್ತದೆ. ಮೇ ತಿಂಗಳಲ್ಲಿ ಆರು ಗೆದ್ದರೆ ‘ಈ ಸಲ ಕಪ್ ನಮ್ದೇ’ ಶುರು. ಜುಲೈ ಬರುವಷ್ಟರಲ್ಲಿ ಈ ಏರಿಳಿತಕ್ಕೇ ಸುಸ್ತಾಗಿ ಟಿವಿ ಆರಿಸಿಬಿಡುತ್ತಾರೆ. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 162. ಐಪಿಎಲ್‌ನ ಒಂದು ಸೋಲಿನ ತೂಕಕ್ಕೆ ಬೇಸ್‌ಬಾಲ್‌ನಲ್ಲಿ ಹನ್ನೊಂದು ಹನ್ನೆರಡು ಸೋಲು ಬೇಕು. ಅಂದಮೇಲೆ ಒಂದೊಂದು ಸೋಲಿಗೂ ತಲೆ ಮೇಲೆ ಕೈ ಹೊತ್ತು ಕೂತರೆ ಆರು ತಿಂಗಳು ಕಳೆಯುವುದು ಹೇಗೆ?

ಹಳೇ ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕ ಇರುತ್ತಿದ್ದ ಉದ್ದನೆಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಯಾರು ಯಾವತ್ತು ಎಷ್ಟು ಒಯ್ದರು, ಎಷ್ಟು ಬಾಕಿ. ಬೇಸ್‌ಬಾಲ್ ಸೀಸನ್ ಅಂದರೆ ಅಂಥದ್ದೇ ಒಂದು ಪುಸ್ತಕ. ಅದರಲ್ಲಿ ಬರೆಯಬೇಕಾದದ್ದು ರನ್ ಅಲ್ಲ, ಚೆಂಡೆಸೆಯುವ ಪಿಚರ್‌ಗಳ ದಣಿವು. ಇವತ್ತಿನ ಪಂದ್ಯ ಗೆದ್ದದ್ದು ಸರಿ, ಆದರೆ ಯಾರ ತೋಳಿನಿಂದ ಸಾಲ ತಂದು ಗೆದ್ದರು? ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವುದು ಒಂದು ರಾತ್ರಿಗೆ ನಡೆಯುತ್ತದೆ. ಮೂರನೇ ರಾತ್ರಿ ಅಂಗಡಿಯವನು ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಮಾರ್ಚ್ ಕೊನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಾ ಆಟ ಅಂದರೂ ನಡೆದೀತು. ವಾರಕ್ಕೆ ಆರು, ಒಮ್ಮೊಮ್ಮೆ ಏಳು. ಒಂದೇ ಎದುರಾಳಿಯ ಜೊತೆ ಮೂರೋ ನಾಲ್ಕೋ ದಿನ ಸಾಲಾಗಿ ಆಡಿ ಮುಂದಿನ ಊರಿಗೆ ಹೋಗುತ್ತಾರೆ. ಆಡಲು ಸಿದ್ಧವಿರುವ ತಂಡದಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ಮಾತ್ರ 28 ಮತ್ತು 14. ಆ 13ರಲ್ಲಿ ಐವರು ಪಂದ್ಯ ಶುರುಮಾಡುವ ಸ್ಟಾರ್ಟರ್‌ಗಳು, ಉಳಿದ ಎಂಟು ಮಂದಿ ಆಮೇಲೆ ಬದಲಿಯಾಗಿ ಬರುವ ಬುಲ್‌ಪೆನ್. ಸ್ಟಾರ್ಟರ್ ಒಂದು ದಿನ ಎಂಬತ್ತರಿಂದ ನೂರು ಎಸೆತ ಹಾಕಿ ನಾಲ್ಕೈದು ದಿನ ಪಂದ್ಯದಿಂದ ದೂರ ಇರುತ್ತಾನೆ. ಬುಲ್‌ಪೆನ್‌ನವನು ಬಂದರೆ ಒಂದು ಇನ್ನಿಂಗ್ಸ್, ಅಂದರೆ ಮೂರು ಔಟ್, ಹದಿನೈದು ಇಪ್ಪತ್ತು ಎಸೆತ. ನಾಳೆಯೂ ಬರಬಹುದು. ಮೂರನೇ ದಿನವೂ ಕರೆಯುವುದೆಂದರೆ ತಂಡ ನಡೆಸುವ ಮ್ಯಾನೇಜರ್ ಎರಡು ಸಲ ಯೋಚಿಸುತ್ತಾನೆ. ಒಂದೇ ದಿನ ಮೂವತ್ತು ದಾಟಿದ್ದರೆ ಮಾರನೆಯ ದಿನ ಆತ ಇಲ್ಲವೆಂದೇ ಲೆಕ್ಕ.

ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಇಡೀ ಸೀಸನ್‌ಗೆ ಸುಮಾರು 1,450. ಈ ಹೊರೆಯನ್ನು ಯಾರಾದರೂ ಹೊರಲೇಬೇಕು. 2023ರಲ್ಲಿ ಜೈಂಟ್ಸ್‌ನ ಲೋಗನ್ ವೆಬ್ ಒಬ್ಬನೇ 216 ಇನ್ನಿಂಗ್ಸ್ ಎಸೆದ. ಆ ವರ್ಷ ಮೇಜರ್ ಲೀಗ್‌ನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಎಸೆಯಲಿಲ್ಲ. ತಂಡದ ಹೊರೆಯಲ್ಲಿ ಏಳನೇ ಒಂದು ಭಾಗ ಒಬ್ಬನ ಹೆಗಲ ಮೇಲೆ. ವೆಬ್ ಗೆದ್ದನೋ ಸೋತನೋ ಅನ್ನುವುದಕ್ಕಿಂತ, ಅವನು ಏಳನೇ ಇನ್ನಿಂಗ್ಸ್ ಮುಗಿಸಿದ ರಾತ್ರಿ ಬುಲ್‌ಪೆನ್‌ನ ಆರು ಜನ ಜಾಕೆಟ್ ಬಿಚ್ಚದೆ ಕೂತಿದ್ದರು ಅನ್ನುವುದೇ ದೊಡ್ಡ ಸಂಗತಿ.

ಸ್ಟಾರ್ಟರ್‌ನನ್ನು ಐದಾರು ಇನ್ನಿಂಗ್ಸ್‌ಗೇ ಏಕೆ ತೆಗೆಯುತ್ತಾರೆ, ಚೆನ್ನಾಗಿಯೇ ಎಸೆಯುತ್ತಿದ್ದಾನಲ್ಲ, ಅನ್ನುವುದು ಹೊಸಬರ ಮೊದಲ ತಕರಾರು. ಎದುರಾಳಿಯ ಒಂಬತ್ತು ಬ್ಯಾಟರ್‌ಗಳು ಸುತ್ತುಸುತ್ತಾಗಿ ಬರುತ್ತಾರೆ. ಮೊದಲ ಸುತ್ತಿನಲ್ಲಿ ಎಸೆತ ಅಪರಿಚಿತ, ಎರಡನೇ ಸುತ್ತಿನಲ್ಲಿ ಕಣ್ಣಿಗೆ ಸ್ವಲ್ಪ ಪರಿಚಯ. ಮೂರನೇ ಸುತ್ತಿನ ಹೊತ್ತಿಗೆ ಚೆಂಡು ಕೈಬಿಡುವ ಜಾಗವೇ ಅವರಿಗೆ ಬಾಯಿಪಾಠ. ಜೊತೆಗೆ ಪಿಚರ್‌ಗೂ ದಣಿವು. ಅದಕ್ಕೇ ಹದಿನೆಂಟು ಬ್ಯಾಟರ್ ಮುಗಿದ ಕೂಡಲೆ ಬುಲ್‌ಪೆನ್‌ನಲ್ಲಿ ಯಾರೋ ಎದ್ದು ಕೈ ಬಿಸಿಮಾಡುವುದು ಕಾಣುತ್ತದೆ. ಟಿವಿಯವರು ಅದನ್ನು ಎರಡು ಸೆಕೆಂಡು ತೋರಿಸುತ್ತಾರೆ. ನೋಡುವವರು ಆ ಎರಡು ಸೆಕೆಂಡು ತಪ್ಪಿಸಬಾರದು.

ಪುಸ್ತಕ ಇಡುವುದು ಕಷ್ಟವೇನಲ್ಲ. ಚೌಕುಳಿ ಹಾಳೆಯ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಎಡಗಡೆ ಮೇಲಿಂದ ಕೆಳಗೆ ಎಂಟು ಬುಲ್‌ಪೆನ್ ಹೆಸರು, ಅಡ್ಡಕ್ಕೆ ದಿನಾಂಕ. ಪಂದ್ಯ ಮುಗಿದ ಮೇಲೆ ಅದರ ಅಂಕಿಪಟ್ಟಿ, ಅಂದರೆ ಬಾಕ್ಸ್ ಸ್ಕೋರ್, ತೆರೆದು ಎಸೆತಗಳ ಸಂಖ್ಯೆ ಮಾತ್ರ ಚೌಕದಲ್ಲಿ ಬರೆಯಿರಿ. ಎರಡು ನಿಮಿಷದ ಕೆಲಸ. ಇಪ್ಪತ್ತೈದು ದಾಟಿದ್ದರೆ ಸುತ್ತ ಗೀಟು ಹಾಕಿ. ವಿಮಾನ ಹತ್ತಿದ ದಿನಕ್ಕೆ ಚಿಕ್ಕ ಗುರುತು, ರಜೆಯ ದಿನಕ್ಕೆ ಅಡ್ಡಗೆರೆ. ಪೆನ್ ಬೇಡ: ಅಧಿಕೃತ ಸ್ಕೋರರ್ ರಾತ್ರಿ ಫೀಲ್ಡರ್‌ನ ತಪ್ಪು (ಎರರ್) ಅಂದದ್ದನ್ನು ಬೆಳಿಗ್ಗೆ ಬ್ಯಾಟರ್‌ನ ಹಿಟ್ ಮಾಡಿರುತ್ತಾನೆ, ಹೆಸರುಗಳಂತೂ ವಾರಕ್ಕೊಮ್ಮೆ ಬದಲಾಗುತ್ತವೆ.

ಮಂಗಳವಾರ ತಂಡ ಐದು-ನಾಲ್ಕರಲ್ಲಿ ಗೆದ್ದಿತು ಅನ್ನಿ. ಸ್ಟಾರ್ಟರ್ ನಾಲ್ಕು ಇನ್ನಿಂಗ್ಸ್‌ಗೇ ಮುಗಿಸಿದ, ಐವರು ಬುಲ್‌ಪೆನ್‌ನಿಂದ ಬಂದರು. ನಿಮ್ಮ ಹಾಳೆಯಲ್ಲಿ 22, 17, 14, 19, 16. ಬುಧವಾರ ಮತ್ತೆ ಒಂದು ರನ್ನಿನ ಗೆಲುವು, ಅವರಲ್ಲೇ ಮೂವರು ಮತ್ತೆ ಬಂದರು. ನೆರೆಮನೆಯವರು ಸಂಭ್ರಮದಲ್ಲಿದ್ದಾರೆ. ನಿಮ್ಮ ಹಾಳೆ ಮಾತ್ರ ಹೇಳುತ್ತಿದೆ: ಗುರುವಾರ ಏಳನೇ ಇನ್ನಿಂಗ್ಸ್‌ನಲ್ಲಿ ಮುನ್ನಡೆ ಇದ್ದರೂ ಅದನ್ನು ಕಾಯಲು ಆ ಮೂವರು ಇಲ್ಲ, ಸರದಿ ಪಟ್ಟಿಯ ಕೊನೆಯವನಿಗೋ ನಿನ್ನೆ ಸ್ಯಾಕ್ರಮೆಂಟೊದಿಂದ ಬಂದ ಹುಡುಗನಿಗೋ ಬರುತ್ತದೆ. ಗುರುವಾರ ಆ ಹುಡುಗ ಮೂರು ರನ್ ಕೊಟ್ಟು ಪಂದ್ಯ ಹೋದಾಗ ಎಲ್ಲರೂ ಮ್ಯಾನೇಜರ್‌ನನ್ನು ಬೈಯುತ್ತಾರೆ. ಬೈಯಬೇಕಾದದ್ದು ಮಂಗಳವಾರದ ಸ್ಟಾರ್ಟರ್‌ನನ್ನು.

ಸ್ಯಾಕ್ರಮೆಂಟೊ ಅಂದರೆ ರಿವರ್ ಕ್ಯಾಟ್ಸ್, ಜೈಂಟ್ಸ್‌ನ ಟ್ರಿಪಲ್-ಎ ತಂಡ, ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ಆ ದಾರಿಯಲ್ಲಿ ಪಿಚರ್‌ಗಳು ಹೋಗಿಬಂದು ಮಾಡುತ್ತಲೇ ಇರುತ್ತಾರೆ. ‘ಆಪ್ಷನ್’, ಅಂದರೆ ಕೆಳಗಿನ ತಂಡಕ್ಕೆ ಕಳಿಸುವ ಅವಕಾಶ, ಉಳಿದಿರುವ ಪಿಚರ್‌ನನ್ನು ಕೆಳಗೆ ಕಳಿಸಿದರೆ ಅವನು ಕನಿಷ್ಠ 15 ದಿನ ಅಲ್ಲೇ ಇರಬೇಕು, ಯಾರಾದರೂ ಗಾಯಗೊಂಡು ಅವನ ಜಾಗಕ್ಕೆ ಕರೆಸಿಕೊಂಡರೆ ಮಾತ್ರ ಬೇಗ ಬರಬಹುದು. ಒಂದು ಸೀಸನ್‌ನಲ್ಲಿ ಒಬ್ಬನನ್ನು ಹೀಗೆ ಐದು ಸಲಕ್ಕಿಂತ ಹೆಚ್ಚು ಕೆಳಗೆ ಕಳಿಸುವಂತಿಲ್ಲ. ಬೆಳಿಗ್ಗೆ ತಂಡದ ಪ್ರಕಟಣೆಯಲ್ಲಿ ನೆನ್ನೆ ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆದವನನ್ನೇ ಕೆಳಗೆ ಕಳಿಸಿದ ಸುದ್ದಿ ನೋಡಿ ಹೊಸಬರು ಕಣ್ಣರಳಿಸುತ್ತಾರೆ. ಚೆನ್ನಾಗಿ ಎಸೆದದ್ದಕ್ಕೆ ಶಿಕ್ಷೆಯಲ್ಲ ಅದು. ಐವತ್ತು ಎಸೆತ ಹಾಕಿದವನು ಮುಂದಿನ ಮೂರು ನಾಲ್ಕು ದಿನ ಕೆಲಸಕ್ಕೆ ಬರುವುದಿಲ್ಲ, 13ರಲ್ಲಿ ಒಂದು ಜಾಗ ಸುಮ್ಮನೆ ಕೂರಿಸಲು ಆಗದು. ಗಾಯದ ಪಟ್ಟಿಯನ್ನೂ ಹೀಗೇ ಓದಬೇಕು. ಅದಕ್ಕೆ ಸೇರಿದರೆ ಪಿಚರ್‌ಗೆ ಕನಿಷ್ಠ 15 ದಿನ, ಬ್ಯಾಟರ್‌ಗೆ 10. ‘60 ದಿನ’ ಅಂತ ಬಂದರೆ ಗಾಯ ದೊಡ್ಡದು, ಆ 26 ಜನರೂ ಸೇರಿದ 40 ಜನರ ದೊಡ್ಡ ಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಯಿತು, ಯಾರನ್ನೋ ಸೇರಿಸುತ್ತಾರೆ ಅಂತ ಅರ್ಥ.

ದೊಡ್ಡ ಅಂತರದಲ್ಲಿ ಸೋಲುತ್ತಿರುವಾಗ ಎರಡನೇ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಬಂದು ಮಕ್ಕಳಿಗೆ ಎಸೆದ ಹಾಗೆ ಚೆಂಡು ಎಸೆಯುವುದನ್ನು ನೋಡಿ ಇದೇನು ತಮಾಷೆ ಅನ್ನಿಸಬಹುದು. ಪಿಚರ್ ಅಲ್ಲದವನನ್ನು ಎಸೆಯಲು ಕಳಿಸಬೇಕಾದರೆ ತಂಡ ಎಂಟು ರನ್ ಹಿಂದಿರಬೇಕು, ಇಲ್ಲವೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹತ್ತು ರನ್ ಮುಂದಿರಬೇಕು, ಇಲ್ಲವೆ ಪಂದ್ಯ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಗಿರಬೇಕು. ಹೋದ ಪಂದ್ಯಕ್ಕೆ ಒಳ್ಳೆಯ ತೋಳು ಖರ್ಚು ಮಾಡದಿರುವುದು ಜಾಣತನ. ನನ್ನ ಕೇಳಿದರೆ ಸೀಸನ್‌ನ ಅತ್ಯಂತ ಪ್ರಾಮಾಣಿಕ ಗಳಿಗೆ ಅದು.

ಇನ್ನು ಸ್ಕೋರ್ ಬರೆಯುವುದು. ಮೈದಾನದ ಪ್ರತಿ ಜಾಗಕ್ಕೂ ಒಂದು ಸಂಖ್ಯೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಎರಡು-ಮೂರರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡ, ನಡು, ಬಲ ಹೊರಮೈದಾನ 7, 8, 9. ಶಾರ್ಟ್‌ಸ್ಟಾಪ್ ಆರು, ಮೂರನೇ ಬೇಸ್ ಐದು ಅನ್ನುವಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಒಂದು ಅರ್ಧ ಇನ್ನಿಂಗ್ಸ್ ಬರೆದು ನೋಡೋಣ. ಮೊದಲ ಬ್ಯಾಟರ್‌ಗೆ ನಾಲ್ಕು ಬಾಲ್ (ಗುರಿ ತಪ್ಪಿದ ಎಸೆತ), ನಡುವೆ ಒಂದು ಸ್ಟ್ರೈಕ್ (ಮೂರಾದರೆ ಔಟ್). ವಾಕ್, ಅಂದರೆ ಮೊದಲ ಬೇಸ್ ಪುಕ್ಕಟೆ. ಚೌಕದಲ್ಲಿ ‘ಬಿಬಿ’, ಬ್ಯಾಟರ್ ನಿಲ್ಲುವ ಹೋಮ್‌ನಿಂದ ಮೊದಲ ಬೇಸ್‌ಗೆ ಒಂದು ಗೆರೆ. ಎರಡನೆಯವನು ಮೊದಲ ಎಸೆತವನ್ನೇ ನೆಲಕ್ಕೆ ಹೊಡೆದ. ಶಾರ್ಟ್‌ಸ್ಟಾಪ್ ಹಿಡಿದು ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ. ‘6-4-3’, ಎರಡು ಔಟ್. ಮೂರನೆಯವನು ಐದನೇ ಎಸೆತಕ್ಕೆ, ಮೂರನೇ ಸ್ಟ್ರೈಕ್‌ಗೆ, ಬ್ಯಾಟ್ ಬೀಸದೆ ನಿಂತು ಔಟಾದ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದ ‘ಕೆ’. ಮುಗಿಯಿತು. ಮೂಲೆಯಲ್ಲಿ ಎಸೆತಗಳನ್ನು ಕೂಡಿಸಿ: 5, 1, 5. ಒಟ್ಟು 11.

ಮುಂದಿನ ಇನ್ನಿಂಗ್ಸ್. ಮೊದಲನೆಯವನು ಗೆರೆಯಾಚೆಗೆ ಫೌಲ್ ಮೇಲೆ ಫೌಲ್ ಹೊಡೆದು ಒಂಬತ್ತನೇ ಎಸೆತಕ್ಕೆ ಔಟ್. ಎರಡನೆಯವನೂ ಹಾಗೇ, ಒಂಬತ್ತು. ಮೂರನೆಯವನಿಗೆ ಆರು ಎಸೆತದ ವಾಕ್. ನಾಲ್ಕನೆಯವನು ನಾಲ್ಕನೇ ಎಸೆತವನ್ನು ಮೇಲಕ್ಕೆತ್ತಿ ನಡು ಹೊರಮೈದಾನದಲ್ಲಿ ಕ್ಯಾಚ್. ‘ಎಫ್8’. ಒಟ್ಟು 28. ದೊಡ್ಡ ಪರದೆಯಲ್ಲಿ ಎರಡೂ ಇನ್ನಿಂಗ್ಸ್‌ಗೆ ಒಂದೇ ಸೊನ್ನೆ. ನಿಮ್ಮ ಹಾಳೆಯಲ್ಲಿ ಎರಡನೇ ಸೊನ್ನೆಯ ಬೆಲೆ ಎರಡೂವರೆ ಪಟ್ಟು. ಆ ಫೌಲ್‌ಗಳನ್ನು ಹೊಡೆದವರು ರನ್ ಮಾಡಲಿಲ್ಲ, ಆದರೆ ಸ್ಟಾರ್ಟರ್‌ನ ಆರನೇ ಇನ್ನಿಂಗ್ಸ್ ಅನ್ನು ಈಗಲೇ ಕಿತ್ತುಕೊಂಡು ಹೋದರು.

ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಒಂದು ಅನುಕೂಲವಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಂಜೆ 6:45ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಬೆಳಿಗ್ಗೆ 7:15ಕ್ಕೆ. 2023ರಲ್ಲಿ ಎಸೆತಕ್ಕೆ ಸಮಯದ ಮಿತಿ ಹಾಕುವ ಪಿಚ್ ಗಡಿಯಾರ ಬಂದ ಮೇಲೆ ಮೂರು ಗಂಟೆ ದಾಟುತ್ತಿದ್ದ ಆಟ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿಗೆ ಇಳಿದಿದೆ. ಕಾಫಿ, ತಿಂಡಿ, ಸ್ನಾನದ ನಡುವೆ ಹತ್ತು ಗಂಟೆಗೆ ಎಲ್ಲಾ ಮುಗಿಯುತ್ತದೆ. ನ್ಯೂಯಾರ್ಕ್ ಕಡೆ ಆಡಲು ಹೋದಾಗ ಮಾತ್ರ ಕಷ್ಟ, ಬೆಳಗಿನ ಜಾವ ನಾಲ್ಕೂವರೆಗೆ ಆಟ ಶುರು. ಸ್ಯಾನ್ ಫ್ರಾನ್ಸಿಸ್ಕೊ ಕಡೆ ನೆಲೆಸಿದವರಿಗೆ ಕೆಎನ್‌ಬಿಆರ್ 680 ರೇಡಿಯೊ ಇದೆ, ಜಾನ್ ಮಿಲ್ಲರ್ ವೀಕ್ಷಕ ವಿವರಣೆಯೂ ಇದೆ. ಅಡುಗೆ ಮಾಡುತ್ತ, ಕಾರು ಓಡಿಸುತ್ತ ಕೇಳಲು ಅದಕ್ಕಿಂತ ಒಳ್ಳೆಯದಿಲ್ಲ. 162 ಪಂದ್ಯವನ್ನೂ ಕಣ್ಣು ಮಿಟುಕಿಸದೆ ನೋಡುತ್ತೇನೆಂದು ಹಟ ಹಿಡಿದವರು ಜೂನ್ ದಾಟುವುದಿಲ್ಲ. ವಾರಕ್ಕೆ ಎರಡು ಪೂರ್ತಿ ನೋಡಿ, ಎರಡು ಕಿವಿಯಲ್ಲಿ ಕೇಳಿ, ಉಳಿದದ್ದಕ್ಕೆ ಬಾಕ್ಸ್ ಸ್ಕೋರ್ ಸಾಕು.

ಮೈದಾನಕ್ಕೆ ಹೋಗುವವರು ಜುಲೈ ಆದರೂ ಸ್ವೆಟರ್ ಬಿಟ್ಟು ಹೋಗಬೇಡಿ. ಜೈಂಟ್ಸ್‌ನ ಮೈದಾನ ಒರಾಕಲ್ ಪಾರ್ಕ್ ಕೊಲ್ಲಿಯ ದಂಡೆಯಲ್ಲೇ ಇದೆ, ಕ್ಯಾಲ್‌ಟ್ರೇನ್ ರೈಲಿನ ಕೊನೆಯ ನಿಲ್ದಾಣದಿಂದ ಐದು ಹತ್ತು ನಿಮಿಷದ ನಡಿಗೆ. ಸೂರ್ಯ ಮುಳುಗಿದ ಮೇಲೆ ನೀರಿನ ಕಡೆಯಿಂದ ಬರುವ ಗಾಳಿಗೆ ಹಲ್ಲು ಕಟಕಟ ಅನ್ನುತ್ತದೆ. ಟಿಕೆಟ್ ಇಲ್ಲದವರೂ ಬಲಗಡೆ ಗೋಡೆಯ ಹೊರಗಿನ ಕಾಲುದಾರಿಯಲ್ಲಿ, ಕಮಾನುಗಳ ಜಾಲರಿಯ ಮೂಲಕ ಪುಕ್ಕಟೆ ಇಣುಕಬಹುದು. ಕೊನೆಯ ಇನ್ನಿಂಗ್ಸ್‌ಗಳ ಹೊತ್ತಿಗೆ ಕಡಲಕಾಗೆಗಳು ಬರುತ್ತವೆ, ಬಿಟ್ಟುಹೋದ ಬೆಳ್ಳುಳ್ಳಿ ಫ್ರೈಸ್‌ಗೆ.

ಈ ಮೈದಾನ ಪಿಚರ್‌ಗಳ ಪಾಲಿಗೆ ತವರುಮನೆ. ಬಲಗಡೆ ಮೂಲೆ ಬರೀ 309 ಅಡಿ, ಆದರೆ ಗೋಡೆ 24 ಅಡಿ ಎತ್ತರ. ಜೈಂಟ್ಸ್‌ನ ದಂತಕಥೆ ವಿಲ್ಲಿ ಮೇಸ್ ತೊಟ್ಟಿದ್ದ ಜೆರ್ಸಿ ಸಂಖ್ಯೆಯ ಗೌರವಕ್ಕೆ ಆ ಎತ್ತರ. ಬಲ-ನಡುವಿನ ಮೂಲೆಯಂತೂ 415 ಅಡಿ, 2020ಕ್ಕೆ ಮುಂಚೆ 421 ಇತ್ತು. ತಂಪು ಭಾರದ ಗಾಳಿಯಲ್ಲಿ ಎತ್ತಿ ಹೊಡೆದ ಚೆಂಡು ಸೊರಗಿ ಕೆಳಗಿಳಿಯುತ್ತದೆ. 2004ರಲ್ಲಿ ಬ್ಯಾರಿ ಬಾಂಡ್ಸ್ 45 ಹೋಮ್ ರನ್ (ನಮ್ಮ ಸಿಕ್ಸರ್‌ನಂಥದ್ದು) ಹೊಡೆದ ಮೇಲೆ 2025ರವರೆಗೆ ಒಬ್ಬ ಜೈಂಟ್ಸ್ ಆಟಗಾರನೂ ಒಂದು ಸೀಸನ್‌ನಲ್ಲಿ ತಂಡಕ್ಕಾಗಿ 30 ಮುಟ್ಟಿಲ್ಲ. ಇದಕ್ಕೆ ತದ್ವಿರುದ್ಧ ಡೆನ್ವರ್‌ನ ಕೂರ್ಸ್ ಫೀಲ್ಡ್. ಸಮುದ್ರ ಮಟ್ಟದಿಂದ ಸುಮಾರು 5,200 ಅಡಿ ಮೇಲೆ, ಗಾಳಿ ತೆಳು. ಹೊಡೆದದ್ದು ಹಾರುತ್ತದೆ, ಎಸೆದದ್ದು ತಿರುಗುವುದಿಲ್ಲ. ಅಲ್ಲಿನ ತಂಡ ರಾಕೀಸ್ ಕೂಡ ಜೈಂಟ್ಸ್ ಇರುವ ವಿಭಾಗದಲ್ಲೇ ಇರುವುದರಿಂದ ಅವರೊಡನೆ ವರ್ಷಕ್ಕೆ 13 ಪಂದ್ಯ, ಅರ್ಧದಷ್ಟು ಅಲ್ಲಿ. ವೇಳಾಪಟ್ಟಿ ಕೈಗೆ ಸಿಕ್ಕ ದಿನವೇ ಡೆನ್ವರ್ ದಿನಾಂಕಗಳಿಗೆ ಗೀಟು ಹಾಕಿ, ಅದರ ಮಾರನೆಯ ದಿನ ರಜೆ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಊರಿನ ಮೊದಲ ಪಂದ್ಯ ಆಗಲೇ ಅರ್ಧ ಹೋಯಿತು.

ಲೆಕ್ಕದಲ್ಲಿ ಇನ್ನೂ ಒಂದು ಸಂಗತಿ ಉಪಯೋಗಕ್ಕೆ ಬರುತ್ತದೆ. ಎಷ್ಟೇ ಒಳ್ಳೆಯ ತಂಡವೂ ಮೂರನೇ ಒಂದು ಭಾಗ ಸೋಲುತ್ತದೆ, ಎಷ್ಟೇ ಕೆಟ್ಟದ್ದೂ ಮೂರನೇ ಒಂದು ಭಾಗ ಗೆಲ್ಲುತ್ತದೆ, ಉಳಿದ 54ರಲ್ಲಿ ಹಣೆಬರಹ ಅನ್ನುವುದು ಅಲ್ಲಿನವರ ಹಳೇ ಮಾತು. 2024ರಲ್ಲಿ 121 ಸೋತ ಚಿಕಾಗೊ ವೈಟ್ ಸಾಕ್ಸ್‌ನಂಥವರು ಅದನ್ನೂ ಸುಳ್ಳು ಮಾಡುತ್ತಾರೆ, ಇರಲಿ. ತಂಡ ನಿಜವಾಗಿ ಎಲ್ಲಿದೆ ಎಂದು ತಿಳಿಯಲು ಗೆಲುವಿಗಿಂತ ರನ್ ವ್ಯತ್ಯಾಸ ನಂಬಿಕಸ್ತ. ಹೊಡೆದ ರನ್ನಿನ ವರ್ಗವನ್ನು, ಹೊಡೆದದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಕೂಡಿದ ಮೊತ್ತದಿಂದ ಭಾಗಿಸಿ. 700 ಹೊಡೆದು 650 ಕೊಟ್ಟರೆ 0.537, ಅಂದರೆ 162ಕ್ಕೆ 87 ಗೆಲುವು. ಕೈಯಲ್ಲಿ ಗೆಲುವು ಅದಕ್ಕಿಂತ ಏಳೆಂಟು ಹೆಚ್ಚಿದ್ದರೆ ಒಂದು ರನ್ನಿನ ಪಂದ್ಯಗಳನ್ನು ಬುಲ್‌ಪೆನ್ ಎಳೆದು ತಂದಿರಬೇಕು, ಅಥವಾ ಅದೃಷ್ಟ. ಎರಡೂ ಸೆಪ್ಟೆಂಬರ್‌ನಲ್ಲಿ ಕೈಕೊಡುವ ಗಿರಾಕಿಗಳೇ.

2022ರಿಂದ ಜೈಂಟ್ಸ್ ಗೆದ್ದದ್ದು ಕ್ರಮವಾಗಿ 81, 79, 80, 81. ಉಪ್ಪಿಲ್ಲ, ಖಾರವಿಲ್ಲ. 2025ರಲ್ಲಿ ಜೂನ್ ನಡುವಿನವರೆಗೂ ಹಳೇ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಹೆಗಲೆಣೆಯಾಗಿದ್ದರು, ಬಾಸ್ಟನ್‌ನಿಂದ ಬ್ಯಾಟರ್ ರಫಾಯೆಲ್ ಡೆವರ್ಸ್‌ನನ್ನೂ ತಂದರು. ಆಮೇಲೆ ಜಾರಿದರು. ಜುಲೈ ಕೊನೆಯಲ್ಲಿ ಆಟಗಾರರ ವಹಿವಾಟಿನ ಗಡುವಿಗೆ ನೆಲಕ್ಕೆ ಕೈ ತಾಗುವಷ್ಟು ಬಗ್ಗಿ ಎಸೆಯುವ ಟೈಲರ್ ರಾಜರ್ಸ್‌ನನ್ನು ಮೆಟ್ಸ್‌ಗೂ, ಕಮಿಲೊ ಡೊವಾಲ್‌ನನ್ನು ಯಾಂಕೀಸ್‌ಗೂ ಕೊಟ್ಟರು. ಬುಲ್‌ಪೆನ್‌ನ ಹಿಂಬಾಗಿಲಿಗೆ ಇದ್ದ ಎರಡು ಬೀಗ ಒಂದೇ ವಾರದಲ್ಲಿ ಹೋದವು. ಆ ದಿನ ಪುಸ್ತಕದಲ್ಲಿ ಎರಡು ಸಾಲು ಅಳಿಸಿದವರಿಗೆ ಆಗಸ್ಟ್ ಹೇಗಿರುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಟೋಬರ್‌ನ ನಾಕೌಟ್ ಹಂತದಲ್ಲಿ ಲೆಕ್ಕದ ನಿಯಮವೇ ಬೇರೆ. ಈಗ ಎರಡು ಲೀಗ್‌ನಿಂದ ಆರಾರು ತಂಡ, ಮೂರು ಪಂದ್ಯದ ಸುತ್ತು, ಐದರ ಸುತ್ತು, ಆಮೇಲೆ ಏಳರ ಎರಡು ಸುತ್ತು. ನಡುನಡುವೆ ರಜೆ ಸಿಗುತ್ತದೆ, ಐದನೇ ಸ್ಟಾರ್ಟರ್ ಬೇಕಾಗುವುದಿಲ್ಲ. ಮುಖ್ಯವಾಗಿ, ಸೋತರೆ ನಾಳೆಯೇ ಇಲ್ಲದಿರುವಾಗ ಉದ್ರಿ ಯಾರಿಗೆ ತೀರಿಸಬೇಕು? 2021ರಲ್ಲಿ ಜೈಂಟ್ಸ್ 107 ಗೆದ್ದರು, ಡಾಡ್ಜರ್ಸ್ 106. ಆದರೂ ಎರಡು ತಂಡ ಐದು ಪಂದ್ಯದ ಸುತ್ತಿನಲ್ಲಿ ಎದುರಾಗಿ ಕೊನೆಯ ಪಂದ್ಯದ ಕೊನೆಯ ಇನ್ನಿಂಗ್ಸ್‌ಗೆ ಬಂದರು. ಡಾಡ್ಜರ್ಸ್ 2-1 ಮುಂದಿದ್ದಾಗ ಒಂಬತ್ತನೇ ಇನ್ನಿಂಗ್ಸ್‌ಗೆ ಕಳಿಸಿದ್ದು ಮೂರು ದಿನದ ಹಿಂದೆ ಏಳು ಇನ್ನಿಂಗ್ಸ್ ಎಸೆದಿದ್ದ ಸ್ಟಾರ್ಟರ್ ಮ್ಯಾಕ್ಸ್ ಶೆರ್ಜರ್‌ನನ್ನು. ಜೈಂಟ್ಸ್‌ನ ವಿಲ್ಮರ್ ಫ್ಲೋರೆಸ್ ಬ್ಯಾಟ್ ತಡೆದನೋ ಬೀಸಿದನೋ ಎಂದು ಇಂದಿಗೂ ಜಗಳ. ಅಂಪೈರ್ ಬೀಸಿದ ಎಂದರು, ಆಟ ಮುಗಿಯಿತು. ಶೆರ್ಜರ್ ಮುಂದಿನ ಸುತ್ತಿನಲ್ಲಿ ಅಟ್ಲಾಂಟಾ ಎದುರು ನಾಲ್ಕು ಚಿಲ್ಲರೆ ಇನ್ನಿಂಗ್ಸ್‌ಗೇ ತೋಳು ಸತ್ತಂತಾಗಿದೆ ಎಂದ. ಆರನೇ ಪಂದ್ಯಕ್ಕೆ ಬರಲೇ ಇಲ್ಲ, ಡಾಡ್ಜರ್ಸ್ ಅಲ್ಲೇ ಮುಗಿದರು. ಬಡ್ಡಿ ಸಮೇತ ವಸೂಲಿ.

ಇನ್ನೊಂದು ಸಾಲ 2014ರದ್ದು. ಆ ವರ್ಷ ಜೈಂಟ್ಸ್ ಜೂನ್ 8ರ ಹೊತ್ತಿಗೆ 43 ಗೆದ್ದು 21 ಸೋತಿದ್ದರು, ಉಳಿದದ್ದರಲ್ಲಿ 45 ಗೆದ್ದು 53 ಸೋತರು. 88 ಗೆಲುವಿನೊಂದಿಗೆ ಹೇಗೋ ತೂರಿ ಒಳಗೆ ಬಂದರು. ವಾಷಿಂಗ್ಟನ್‌ನಲ್ಲಿ 18 ಇನ್ನಿಂಗ್ಸ್ ಎಳೆದ ಪಂದ್ಯವನ್ನು ಯುಸ್ಮೈರೊ ಪೆಟಿಟ್ ಬುಲ್‌ಪೆನ್‌ನಿಂದ ಬಂದು ಆರು ಇನ್ನಿಂಗ್ಸ್ ಒಂದೂ ರನ್ ಕೊಡದೆ ಹೊತ್ತ. ಕೊನೆಯ ಸುತ್ತಾದ ವರ್ಲ್ಡ್ ಸೀರೀಸ್‌ನಲ್ಲಿ ಜೈಂಟ್ಸ್ ಸ್ಟಾರ್ಟರ್ ಮ್ಯಾಡಿಸನ್ ಬುಮ್‌ಗಾರ್ನರ್ ಭಾನುವಾರ ಐದನೇ ಪಂದ್ಯವನ್ನು 117 ಎಸೆತದಲ್ಲಿ ಒಬ್ಬನೇ ಮುಗಿಸಿದ. ಬುಧವಾರ, ಅಕ್ಟೋಬರ್ 29, ಕ್ಯಾನ್ಸಸ್ ಸಿಟಿಯಲ್ಲಿ ಏಳನೇ ಪಂದ್ಯ. ಜೈಂಟ್ಸ್ 3-2 ಮುಂದು. ಐದನೇ ಇನ್ನಿಂಗ್ಸ್‌ಗೆ ಬುಲ್‌ಪೆನ್ ಬಾಗಿಲು ತೆರೆದು ಹೊರಬಂದವನು ಅವನೇ. ಒಂಬತ್ತನೆಯದರಲ್ಲಿ ಎರಡು ಔಟಾದ ಮೇಲೆ ಕ್ಯಾನ್ಸಸ್ ಸಿಟಿಯ ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡು ಹೊರಮೈದಾನದಲ್ಲಿ ಕೈತಪ್ಪಿ ಉರುಳಿ ಗೋಡೆಯವರೆಗೆ ಹೋಯಿತು, ಗಾರ್ಡನ್ ಮೂರನೇ ಬೇಸ್‌ನಲ್ಲಿ ನಿಂತ. ಸಲ್ವಡಾರ್ ಪೆರೆಜ್ ಎತ್ತಿದ ಚೆಂಡು ಮೂರನೇ ಬೇಸ್ ಬದಿಯ ಫೌಲ್ ಜಾಗಕ್ಕೆ ಬಂತು. ಜೈಂಟ್ಸ್‌ನ ಪಾಬ್ಲೊ ಸ್ಯಾಂಡೊವಾಲ್ ಹಿಡಿದು ಹಾಗೇ ಬೆನ್ನ ಮೇಲೆ ಬಿದ್ದ. ಹಾಳೆಯಲ್ಲಿ ‘ಎಫ್5’. ಬುಮ್‌ಗಾರ್ನರ್ ಹೆಸರಿನ ಮುಂದೆ ಭಾನುವಾರ 117, ಸೋಮವಾರ ಗೆರೆ, ಮಂಗಳವಾರ ಗೆರೆ, ಬುಧವಾರ 68. ಗುರುವಾರದ ಚೌಕಕ್ಕೆ ಬರೆಯಲು ಪಂದ್ಯವೇ ಇರಲಿಲ್ಲ.